ಮೂಲೆ ಹಲಗೆಯ ಮೊಳೆ

ಕೂಡ್ಲಿಗಿಯ ನಮ್ಮ ಮನೆಯಲ್ಲಿ ನೆಟ್ಟಗಿದ್ದ ಮೂಲೆ ಒಂದೂ ಇರಲಿಲ್ಲ. ಕಲ್ಲು ಮಣ್ಣಿನ ಗೋಡೆಗಳು, ಮೊಳಕ್ಕಿಂತ ದಪ್ಪ. ಅವಕ್ಕೆ ಮಣ್ಣು ಸಗಣಿ ಮೆತ್ತಿ ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು. ಕಟ್ಟಿದವರು ಕಣ್ಣಳತೆಯಲ್ಲೇ ಕಟ್ಟಿದ್ದರು. ಸಂಜೆ ಹೊತ್ತಿಗೆ ಅವರ ಕಣ್ಣು ಸೋತಿರುತ್ತಿತ್ತೋ ಏನೋ, ಒಂದೊಂದು ಗೋಡೆ ಒಂದೊಂದು ಕಡೆ ವಾಲಿತ್ತು. ಪಡಸಾಲೆ, ಅದರ ಹಿಂದೆ ಅಡುಗೆಮನೆ, ಪಕ್ಕದಲ್ಲಿ ಬಾಗಿಲ ಬದಲು ಹಳೆ ಸೀರೆ ಇಳಿಬಿಟ್ಟ ಒಂದು ಸಣ್ಣ ಕೋಣೆ, ಇಷ್ಟೇ ಮನೆ. ಗೋಡೆಗಳಲ್ಲಿ ಐದು ಗೂಡುಗಳಿದ್ದವು, ಐದೂ ಅಜ್ಜಿಯವು. ಒಂದರಲ್ಲಿ ದೀಪ, ಒಂದರಲ್ಲಿ ಎಲೆ ಅಡಿಕೆಯ ಚೀಲ, ಒಂದರಲ್ಲಿ ಮೊಣಕಾಲಿಗೆ ಹಚ್ಚುವ ಎಣ್ಣೆ. ಉಳಿದೆರಡರಲ್ಲಿ ಏನೂ ಇರುತ್ತಿರಲಿಲ್ಲ, ಆದರೂ ಅವು ಅಜ್ಜಿಯವೇ. ಮದುವೆಯಾಗಿ ಹತ್ತು ವರ್ಷ ಕಳೆದಿದ್ದರೂ ನಮ್ಮವ್ವನ ಕುಂಕುಮದ ಭರಣಿ ಇರುತ್ತಿದ್ದದ್ದು ಟ್ರಂಕಿನೊಳಗೆ, ಟ್ರಂಕಿನ ಮೇಲೆ ಹಾಸಿಗೆಯ ಸುರುಳಿ. ಅವಳು ದಿನಾ ಬೆಳಿಗ್ಗೆ ಹಾಸಿಗೆ ಇಳಿಸಿ, ಟ್ರಂಕು ತೆಗೆದು, ಹಣೆಗೆ ಇಟ್ಟುಕೊಂಡು, ಮತ್ತೆ ಎಲ್ಲವನ್ನೂ ಮೇಲೇರಿಸಿ ಒಲೆ ಮುಂದೆ ಕೂರುತ್ತಿದ್ದಳು. ಅದನ್ನು ನೋಡಿ ನೋಡಿ ಅಪ್ಪನಿಗೆ ಸಾಕಾಗಿ ಆ ಮೂಲೆ ಹಲಗೆ ಹುಟ್ಟಿಕೊಂಡಿತು.

ಮುಂದೆ ಹೇಳುವ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ. ಒಂಬತ್ತನೇ ವಯಸ್ಸಿನಿಂದ ಮೊನ್ನೆ ಮೊನ್ನೆಯವರೆಗೆ, ಹೊಟ್ಟೆಯಲ್ಲಿದ್ದ ನನ್ನ ತಮ್ಮನನ್ನು ನಾನೇ ಕೊಂದೆ ಎಂದುಕೊಂಡು ಬದುಕಿದವಳು ನಾನು. ನನ್ನ ಕೆಲಸವೋ, ಹಳ್ಳಿ ಹಳ್ಳಿ ಸುತ್ತಿ ಬಸುರಿಯರನ್ನು ನೋಡುವ ಆರೋಗ್ಯ ಸಹಾಯಕಿಯದು. ಗ್ರಹಣದಿಂದ ಏನೂ ಆಗುವುದಿಲ್ಲ, ಹೊಸ್ತಿಲ ಮೇಲೆ ಕೂತರೆ ಏನೂ ಆಗುವುದಿಲ್ಲ, ಕಬ್ಬಿಣದ ಮಾತ್ರೆ ನುಂಗದಿದ್ದರೆ ಆಗುತ್ತದೆ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಹೇಳಿದ್ದನ್ನೆಲ್ಲ ನಂಬಿಯೇ ಹೇಳಿದ್ದೇನೆ. ನನ್ನ ಮಟ್ಟಿಗೆ ಮಾತ್ರ ಅದನ್ನು ಹೇಳಿಕೊಳ್ಳಲು ಆಗಲಿಲ್ಲ. ಎಲ್ಲರಿಗೂ ಮದ್ದು ಕೊಟ್ಟು ತನಗೆ ಉಳಿಸಿಕೊಳ್ಳದವಳ ದಣಿವು ಅದು; ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ.

ಅಪ್ಪ ಕಾನಹೊಸಹಳ್ಳಿಯ ಹೈಸ್ಕೂಲಿನಲ್ಲಿ ಜವಾನ. ಅಲ್ಲಿ ಮುರಿದ ಬೆಂಚುಗಳನ್ನು ಬಿಡಿಸಿ ಹಾಕಿದಾಗ ಹೆಡ್‌ಮಾಸ್ಟರನ್ನು ಕೇಳಿ ಎರಡು ಹಲಗೆ ತಂದಿದ್ದ. ಬಸ್ಸಿನ ಮೇಲೆ ಹಾಕಿಸಿ, ಇಳಿಸಿಕೊಂಡು, ಹೆಗಲ ಮೇಲೆ ಹೊತ್ತು ಬಂದಿದ್ದ. ಅವನಿಗೆ ಬಡಗಿತನ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಬಾಗಿಲು ಕಿಟಕಿ ಮಾಡುತ್ತಿದ್ದ ರಸೂಲ್ ಸಾಬರ ಅಂಗಡಿಯಿಂದ ಗರಗಸ ಎರವಲು ತಂದು, ಹಳೆ ಪೇಪರನ್ನು ಮೂಲೆಗೆ ಒತ್ತಿ ಮಡಚಿ, ಆ ಮಡಿಕೆಯ ಅಳತೆಗೆ ಹಲಗೆ ಕೊಯ್ದ. ಮೂಲೆ ಸೊಟ್ಟ ಇದ್ದದ್ದರಿಂದ ಹಲಗೆಯೂ ಸೊಟ್ಟ ಇರಬೇಕಾಯಿತು. ಒಂದಕ್ಕೊಂದು ಜೋಡಿಸಿದ ಮೂರು ಅಂತಸ್ತು, ಕೆಳಗಿನದು ದೊಡ್ಡದು, ಮೇಲಿನದು ಅಂಗೈ ಅಗಲ. ಐದು ಭಾನುವಾರ ಹಿಡಿಯಿತು. ಹಲಗೆಯ ಅಡಿಯಲ್ಲಿ ಯಾವ ಯಾವುದೋ ಕಾಲದ ಹುಡುಗರು ಕೈವಾರದ ಮುಳ್ಳಿನಿಂದ ಕೊರೆದ ಹೆಸರುಗಳು ಹಾಗೆಯೇ ಉಳಿದವು. ಅಪ್ಪ ಅವನ್ನು ಉಜ್ಜಿ ತೆಗೆಯಲಿಲ್ಲ. ಅಡಿಯದು ಯಾರಿಗೆ ಕಾಣುತ್ತದೆ ಎಂದ.

ಐದನೇ ಭಾನುವಾರ ಅವನು ಮೊಳೆ ಸುತ್ತಿಗೆ ಹಿಡಿದು ಕೋಣೆಗೆ ಹೋದಾಗ ಅಜ್ಜಿ ಅಡ್ಡ ಬಂದಳು. ಅಷ್ಟರಲ್ಲಿ ಅವ್ವನಿಗೆ ನಾಲ್ಕು ತಿಂಗಳು ತುಂಬಿತ್ತು. ಅದಕ್ಕೆ ಮುಂಚೆ ಒಂದು ಸಲ ಮೂರು ತಿಂಗಳಿಗೇ ಹೋಗಿತ್ತು.

"ಬಸುರಿ ಇರೋ ಮನ್ಯಾಗ ಮೊಳಿ ಬಡೀಬಾರದು ಅಂತ ನಿನಗ ಹೇಳಿಕೊಡಬೇಕೇನಲೇ? ಗ್ವಾಡಿ ಚುಚ್ಚಿದ್ರ ಹೊಟ್ಟಿ ಚುಚ್ಚಿದಂಗ."

"ಯವ್ವಾ, ಬರೇ ಒಂದು ಹಲಗಿ. ನಾಲ್ಕು ಮೊಳಿ ಸಾಕು."

"ನಾಲ್ಕಲ್ಲ, ಒಂದೂ ಬ್ಯಾಡ. ಹಡೀಲಿ. ಆಮ್ಯಾಲೆ ಮನಿ ತುಂಬ ಬಡ್ಕ."

ಅವ್ವ ಒಳಗಿನಿಂದಲೇ ಅಂದಳು, "ಇರ್ಲಿ ಬಿಡ್ರಿ. ಹತ್ತು ವರ್ಷ ಇಲ್ಲದ್ದು ಇನ್ನ ಐದು ತಿಂಗಳಿಗೆ ಏನಾಕೈತಿ."

ಅಜ್ಜಿಯನ್ನು ಬೈಯುವುದು ಸುಲಭ, ನಾನೂ ಬಹಳ ವರ್ಷ ಬೈದಿದ್ದೇನೆ. ಆದರೆ ಅವಳು ಏಳು ಹೆತ್ತು ಎರಡು ಉಳಿಸಿಕೊಂಡವಳು. ಐದು ಕೂಸುಗಳು ಯಾಕೆ ಹೋದವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವವರು ಇಲ್ಲದಾಗ ಮನುಷ್ಯರು ಮೊಳೆಯನ್ನೋ ಗ್ರಹಣವನ್ನೋ ಹಿಡಿದುಕೊಳ್ಳುತ್ತಾರೆ. ಅವ್ವ ಬಸುರಿಯಾದ ದಿನದಿಂದ ಅಜ್ಜಿ ರಾತ್ರಿ ಹಾಲು ಕಾಯಿಸಿ ತಾನೇ ಕೊಡುತ್ತಿದ್ದಳು, ರೊಟ್ಟಿ ಬಡಿಯಲು ಬಿಡುತ್ತಿರಲಿಲ್ಲ, ಪುಂಡಿಪಲ್ಯಕ್ಕೆ ಖಾರ ಕಡಿಮೆ ಹಾಕಿಸುತ್ತಿದ್ದಳು. ಪ್ರೀತಿಯೋ ಕಾವಲೋ ಎಂದು ಬೇರೆ ಮಾಡಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ.

ಅಪ್ಪ ಮಾತಾಡದೆ ಹಟ ಹಿಡಿಯುವ ಜಾತಿ. ಮೊಳೆ ಇಲ್ಲದೆ ಹಲಗೆ ನಿಲ್ಲಿಸುವುದು ಹೇಗೆ ಎಂಬುದೇ ಅವನ ಮುಂದಿನ ಭಾನುವಾರಗಳ ಕೆಲಸವಾಯಿತು. ಮೊದಲು ಕಲ್ಲು ಪೇರಿಸಿ ಅದರ ಮೇಲೆ ಇಟ್ಟ. ವಾರದೊಳಗೆ ಕಲ್ಲಿನ ಸಂದಿಯಿಂದ ಗೆದ್ದಲು ಹತ್ತಿತು, ನಾನು ಎರಡು ಸಲ ಎಡವಿ ಬಿದ್ದೆ. ಆಮೇಲೆ ಮರ ಅಂಟಿಸುವ ಸರೇಸು ಕುದಿಸಿದ. ಮನೆಯೆಲ್ಲ ನಾರುವಂತೆ ಕುದಿಸಿ ಹಲಗೆಯ ಅಂಚಿಗೆ ಬಳಿದು ಗೋಡೆಗೆ ಒತ್ತಿ ಹಿಡಿದು ನಿಂತ. ಸರೇಸು ಚೆನ್ನಾಗಿಯೇ ಅಂಟಿತು, ಆದರೆ ಅಂಟಿದ್ದು ಸುಣ್ಣಕ್ಕೆ. ಸುಣ್ಣ ಮಣ್ಣಿನ ಸಮೇತ ಕಿತ್ತು ಅವನ ಕಾಲ ಮೇಲೆ ಬಿತ್ತು. ಅದಾದ ಮೇಲೆ ಹಗ್ಗ. ಜಂತಿಗೆ ಮೂರು ಹಗ್ಗ ಕಟ್ಟಿ ಹಲಗೆಯನ್ನು ಮೂಲೆಯಲ್ಲಿ ಇಳಿಬಿಟ್ಟ. ನೋಡಲು ಚೆಂದವಿತ್ತು. ಗಾಳಿ ಬಂದಾಗ ಮೆಲ್ಲಗೆ ತೂಗುತ್ತಿತ್ತು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು.

"ಖಾಲಿ ತೊಟ್ಲು ತೂಗಿದಂಗ ಐತಿ. ಇಳಿಸು."

ಆ ಮಾತಿಗೆ ಅಪ್ಪನೂ ಹೆದರಿರಬೇಕು, ಆಗಲೇ ಹಗ್ಗ ಬಿಚ್ಚಿ ಇಳಿಸಿದ. ಗರಗಸ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ರಸೂಲ್ ಸಾಬರು ಕಥೆಯೆಲ್ಲ ಕೇಳಿ ಗಡ್ಡ ಕೆರೆದುಕೊಂಡರು.

"ಬಸಣ್ಣಾ, ತಿರುಪು ಹಾಕು. ಬಡೀಬ್ಯಾಡ ಅಂದಾಳ ನಿಮ್ಮವ್ವ, ತಿರುವಬ್ಯಾಡ ಅಂದಿಲ್ಲಲ್ಲ."

ಅಪ್ಪ ಮನೆಗೆ ಬಂದು ಅದನ್ನೇ ಅಜ್ಜಿಗೆ ಹೇಳಿದ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ತಲೆ ಎತ್ತದೆ ಉತ್ತರ ಕೊಟ್ಟಳು.

"ಸಾಬ್ರಿಗೆ ಹೇಳು, ಹೆಂಗ ಮಾಡಿದ್ರೂ ತೂತು ತೂತಾ. ಅವರ ಮನ್ಯಾಗ ಅವರ ಸೊಸಿ ಬಸುರಿ ಇದ್ದಾಗ ಅವರೂ ಹೊಡಿಲಿಲ್ಲ, ನನಗ ಗೊತ್ತೈತಿ."

ಕೊನೆಗೆ ದಾರಿ ಸಿಕ್ಕಿದ್ದು ತೀರಿಹೋಗಿದ್ದ ಅಜ್ಜನಿಂದ. ಅಜ್ಜ ಯಾವ ಕಾಲದಲ್ಲೋ ಎತ್ತಿನ ಹಗ್ಗ ತೂಗುಹಾಕಲು ಮೂಲೆಯ ಎಡಗೋಡೆಗೆ ಜಾಲಿ ಮರದ ಗೂಟ ಹೊಡೆದಿದ್ದ. ಮೊದಲೇ ಇದ್ದ ಗೂಟ, ಹೊಸ ತೂತಲ್ಲ, ಆದ್ದರಿಂದ ಅಜ್ಜಿ ಏನೂ ಅನ್ನಲಿಲ್ಲ. ಅಪ್ಪ ಹಲಗೆಯ ಎಡಬದಿಯನ್ನು ತಂತಿಯಿಂದ ಆ ಗೂಟಕ್ಕೆ ಬಿಗಿದ. ಬಲಬದಿಗೆ ಗೂಟವಿರಲಿಲ್ಲ. ಅಲ್ಲಿ ನೆಲದಿಂದ ಒಂದು ಕೋಲು ಊರಿ ಹಲಗೆಯನ್ನು ಅದರ ತಲೆಯ ಮೇಲೆ ಕೂರಿಸಿದ.

ಅವ್ವ ಅವತ್ತು ಟ್ರಂಕು ತೆಗೆದು ತನ್ನ ಸಾಮಾನು ಒಂದೊಂದಾಗಿ ಜೋಡಿಸಿದಳು. ಮೇಲೆ ಕುಂಕುಮದ ಭರಣಿ, ನಡುವೆ ತವರಿನಿಂದ ತಂದಿದ್ದ ಅಂಗೈಯಗಲದ ಕನ್ನಡಿ, ಸ್ನೋ ಡಬ್ಬಿ, ಕೆಳಗೆ ಅವಳ ಏಳನೇ ಕ್ಲಾಸಿನ ಒಂದು ನೋಟ್‌ಬುಕ್ಕು. ಆ ನೋಟ್‌ಬುಕ್ಕು ಅವಳ ಹತ್ತಿರ ಇತ್ತೆಂದೇ ನನಗೆ ಗೊತ್ತಿರಲಿಲ್ಲ. ಜೋಡಿಸಿ, ಹಿಂದೆ ಸರಿದು ನಿಂತು ನೋಡಿದಳು, ಭರಣಿಯನ್ನು ಒಂದು ಬೆರಳಷ್ಟು ಆಚೆ ಸರಿಸಿದಳು. ಮತ್ತೆ ನೋಡಿದಳು. ಅವಳು ಏನನ್ನಾದರೂ ಸುಮ್ಮನೆ ನಿಂತು ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹನ್ನೆರಡು ದಿನ ನಿಂತಿತ್ತು. ಹದಿಮೂರನೇ ದಿನ ಬೆಕ್ಕು ಹಾರಿತೋ, ನೆಲದ ಮೇಲೆ ಕೋಲು ಜಾರಿತೋ, ಬಲಬದಿ ಇಳಿದು ಎಲ್ಲ ಕೆಳಗೆ ಬಿತ್ತು. ಕನ್ನಡಿ ಒಡೆಯಿತು. ಅಜ್ಜಿ "ಕನ್ನಡಿ ಒಡೀತು" ಎಂದಷ್ಟೇ ಅಂದಳು. ಮುಂದಿನದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಮನೆಯವರೆಲ್ಲರಿಗೂ ಕೇಳಿಸಿತು. ಅವ್ವ ಚೂರುಗಳನ್ನು ಆರಿಸಿ ಮೊರಕ್ಕೆ ಹಾಕಿದಳು, ಉಳಿದ ಸಾಮಾನನ್ನು ಟ್ರಂಕಿಗೆ ತುಂಬಿದಳು, ಟ್ರಂಕಿನ ಮೇಲೆ ಹಾಸಿಗೆಯ ಸುರುಳಿ ಏರಿಸಿದಳು. ಅಳಲಿಲ್ಲ. ಅತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಸಂಜೆ ಅಪ್ಪ ಕೋಲನ್ನು ಮತ್ತೆ ಊರಿದ. ಅವ್ವ ಮಾತ್ರ ಅದರ ಮೇಲೆ ಏನೂ ಇಡಲಿಲ್ಲ.

ನಾನು ಹಲಗೆಯನ್ನು ಕೆಳಗಿನಿಂದ, ಪಕ್ಕದಿಂದ ಬಗ್ಗಿ ನೋಡಿದೆ. ಎಡಬದಿ ಗೂಟಕ್ಕೆ ಬಿಗಿಯಾಗಿತ್ತು. ಬೇಕಾದದ್ದು ಬಲಬದಿಗೆ, ಒಂದೇ ಒಂದು ಮೊಳೆ. ನಾಲ್ಕಲ್ಲ. ಒಂದು ಅಂದರೆ ಎಷ್ಟು ಎಂದು ನನ್ನ ಲೆಕ್ಕ. ಅಜ್ಜಿ ಅವ್ವನನ್ನು ಸೂಜಿ ಹಾಕಿಸಲು ಆಸ್ಪತ್ರೆಗೆ ಕರೆದುಕೊಂಡು ಹೋದ ಒಂದು ಮಧ್ಯಾಹ್ನ, ಅಪ್ಪ ಮೊಳೆ ಹಾಕಿಡುತ್ತಿದ್ದ ಹಾಲಿನ ಪುಡಿಯ ಡಬ್ಬಿಯಿಂದ ಮೊಳೆ ತೆಗೆದೆ. ಸುತ್ತಿಗೆಗೆ ನನ್ನ ಹಳೆ ಲಂಗದ ಬಟ್ಟೆ ಸುತ್ತಿದೆ, ಸದ್ದು ಹೊರಗೆ ಹೋಗದಿರಲಿ ಎಂದು. ಟ್ರಂಕಿನ ಮೇಲೆ ಹತ್ತಿ ನಿಂತೆ. ಮೊದಲನೆಯದು ಮಣ್ಣಿನಲ್ಲಿ ಸರ್ರನೆ ಇಳಿದು ಒಳಗಿನ ಕಲ್ಲಿಗೆ ತಾಗಿ ಡೊಂಕಾಯಿತು. ಕಿತ್ತು, ಎರಡು ಬೆರಳು ಈಚೆ ಇನ್ನೊಂದು ಹೊಡೆದೆ. ಅದು ಎರಡು ಕಲ್ಲುಗಳ ಸಂದಿಗೆ ಸಿಕ್ಕಿ ಗಟ್ಟಿಯಾಗಿ ಕೂತಿತು. ಸೊಟ್ಟಗೆ ಹೋಗಿತ್ತು, ಆದರೆ ಅಲುಗಾಡಲಿಲ್ಲ. ಹಲಗೆಯ ಅಂಚನ್ನು ಅದರ ಮೇಲೆ ಇಳಿಸಿದೆ. ಮೇಲಿನಿಂದ ಮೊಳೆ ಕಾಣುತ್ತಿರಲಿಲ್ಲ. ಉದುರಿದ ಮಣ್ಣು ಗುಡಿಸಿ, ತೂತಿಗೆ ಸುಣ್ಣ ಹಚ್ಚಿ, ಕೋಲನ್ನು ಮೊದಲಿನಂತೆ ನಿಲ್ಲಿಸಿದೆ. ಈಗ ಅದು ಸುಮ್ಮನೆ ನಿಂತ ಕೋಲು. ಸಂಜೆ ಅವ್ವ ಬಂದಾಗ ಹಲಗೆಯನ್ನು ಅಲುಗಾಡಿಸಿ ತೋರಿಸಿದೆ.

"ನೋಡವ್ವಾ, ಅಪ್ಪ ಗಟ್ಟಿ ಕೂಡಿಸ್ಯಾನ. ಬೀಳಂಗಿಲ್ಲ ಇನ್ನ. ಇಡು."

ಅವಳು ಕುಂಕುಮದ ಭರಣಿಯೊಂದನ್ನು ಇಟ್ಟಳು. ನನಗೆ ಆಕಾಶ ಮೂರೇ ಗೇಣು ಉಳಿದಿತ್ತು.

ಎಂಟು ದಿನ ನಿಂತಿತ್ತು ಆ ಸಂತೋಷ. ಒಂಬತ್ತನೇ ದಿನ ನಾನು ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ, ಒಲೆಯ ಮೇಲೆ ನವಣೆ ಅನ್ನ ಸೀದು ಹೋಗಿತ್ತು. ಪಕ್ಕದ ಮನೆಯವರು ಟೆಂಪೋದಲ್ಲಿ ಆಸ್ಪತ್ರೆಗೆ ಹೋದರು ಎಂದರು. ಮರುದಿನ ಅವ್ವನನ್ನು ಕರೆತಂದು ಕೋಣೆಯ ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿಸಿದರು. ಆರು ತಿಂಗಳಾಗಿತ್ತು, ಗಂಡು ಕೂಸು ಎಂದು ಅಜ್ಜಿ ಯಾರಿಗೋ ಹೇಳುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಗೋಡೆ ಚುಚ್ಚಿದರೆ ಹೊಟ್ಟೆ ಚುಚ್ಚಿದ ಹಾಗೆ. ಒಂದು ಮೊಳೆಯಲ್ಲ, ಎರಡು ಚುಚ್ಚಿದ್ದೆ.

ಸಂಜೆ ಅಜ್ಜಿ ಪಡಸಾಲೆಯ ನಡುವೆ ಕೂತು ವಿಚಾರಣೆ ಶುರು ಮಾಡಿದಳು. ಅಪ್ಪ ತಲೆ ತಗ್ಗಿಸಿ ಕೂತಿದ್ದ.

"ಕಾರಣಿಲ್ದ ಆಗಂಗಿಲ್ಲ. ಈ ಮನ್ಯಾಗ ಯಾರೋ ಏನೋ ಮಾಡ್ಯಾರ. ಯಾರು ಏನು ಮಾಡಿದ್ರಿ, ಹೇಳ್ರಿ."

ಅವಳ ಕಣ್ಣು ಅಪ್ಪನ ಮೇಲಿಂದ ನನ್ನ ಮೇಲೆ ಬಂತು. ನಾನು ಇನ್ನೇನು ಹೇಳಿಯೇ ಬಿಡುತ್ತಿದ್ದೆ. ಆಗ ಸೀರೆಯ ಪರದೆಯ ಹಿಂದಿನಿಂದ ಅವ್ವನ ದನಿ ಬಂತು, ಸಣ್ಣಗೆ.

"ನಾನ ಅತ್ತಿ. ಮೊನ್ನೆ ನಳ ಬಂದಾಗ ನೀವು ಗಿರಣಿಗೆ ಹೋಗಿದ್ರಿ. ಕೊಡ ನಾನಾ ಎತ್ತಿದ್ನಿ. ಎರಡು."

ಅಜ್ಜಿ ಅಂದದ್ದು ಒಂದೇ ಮಾತು.

"ಎರಡು ಕೊಡ ನೀರಿಗೆ ಕೂಸಿನ್ನ ಕೊಟ್ಟಿ."

ನನಗೆ ಅವತ್ತು ಆದದ್ದು ಬಿಡುಗಡೆ. ಅದನ್ನು ಮುಚ್ಚಿಡುವುದಿಲ್ಲ. ತಪ್ಪು ಅವ್ವನ ಮೇಲೆ ಬಿತ್ತು, ನಾನು ತಪ್ಪಿಸಿಕೊಂಡೆ ಎಂದು ಒಳಗೊಳಗೆ ಹಗುರಾದೆ. ರಾತ್ರಿ ಚೆನ್ನಾಗಿ ಉಂಡೆ ಕೂಡ. ನಾಚಿಕೆ ಬಂದದ್ದು ಮೆಲ್ಲಮೆಲ್ಲಗೆ, ಅಜ್ಜಿ ಆ ಮಾತನ್ನು ಮತ್ತೆ ಮತ್ತೆ ಹೇಳಿದಾಗ. ಸಾರಿಗೆ ಉಪ್ಪು ಹೆಚ್ಚಾದರೆ ಎರಡು ಕೊಡ ನೀರು, ಅವ್ವ ತವರಿಗೆ ಹೋಗುತ್ತೇನೆಂದರೆ ಎರಡು ಕೊಡ ನೀರು. ಅವ್ವನಿಗೆ ಮತ್ತೆ ಬಸುರು ನಿಲ್ಲಲೇ ಇಲ್ಲ, ಹಾಗಾಗಿ ಆ ಮಾತಿಗೆ ವಯಸ್ಸೂ ಆಗಲಿಲ್ಲ. ಒಮ್ಮೆ ಅಜ್ಜಿ ಅಪ್ಪನಿಗೆ ಇನ್ನೊಂದು ಮದುವೆಯ ಮಾತು ತೆಗೆದಳು. ಅಪ್ಪ ಅರ್ಧ ಊಟಕ್ಕೆ ಎದ್ದು ಕೈ ತೊಳೆದ, ಆ ಮಾತು ಅಲ್ಲಿಗೇ ನಿಂತಿತು. ಕೊಡದ ಮಾತು ಮಾತ್ರ ನಿಲ್ಲಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಅವ್ವನ ಕಾಲ ಬಂದಾಗ ಅಜ್ಜಿ ಹಾಸಿಗೆ ಹಿಡಿದಿದ್ದಳು, ಆಗಲೂ ಅವ್ವ ತಿರುಗಿ ಒಂದು ಮಾತು ಆಡಲಿಲ್ಲ. ಮೈ ಒರೆಸಿ, ಗಂಜಿ ಕುಡಿಸಿ ಕಳಿಸಿಕೊಟ್ಟಳು.

ಕೂಸು ಹೋದ ತಿಂಗಳಿಗೆ ಅಜ್ಜಿಯೇ ಅಪ್ಪನಿಗೆ ಹೇಳಿದ್ದಳು, "ಈಗ ಹೊಡ್ಕ ನಿನ್ನ ಮೊಳಿ. ಯಾರು ಬ್ಯಾಡ ಅಂತಾರ." ಅಪ್ಪ ಸುತ್ತಿಗೆ ತೆಗೆದುಕೊಂಡು ಎದ್ದ. ಅವ್ವ ಅವನನ್ನು ತಡೆದಳು. ಬೇಡ, ಆ ಕೋಲಿನ ಮೇಲೇ ಇರಲಿ, ಯಾರೂ ಅದನ್ನು ಮುಟ್ಟಬೇಡಿ ಎಂದಳು. ದುಃಖಕ್ಕೆ ಹಾಗೆ ಅನ್ನುತ್ತಾಳೆ ಎಂದು ನಾವೆಲ್ಲ ತಿಳಿದೆವು. ಸುಣ್ಣ ಬಳಿಯುವಾಗಲೂ ಆ ಮೂಲೆಯನ್ನು ಅವಳೇ ಬಳಿಯುತ್ತಿದ್ದಳು, ಹಲಗೆ ಇಳಿಸದೆ, ಸುತ್ತಲೂ ಕುಂಚ ಆಡಿಸಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಆರೋಗ್ಯ ಸಹಾಯಕಿಯ ತರಬೇತಿಗೇ ಹೋಗುತ್ತೇನೆಂದು ಹಟ ಹಿಡಿದಾಗ ಯಾಕೆಂದು ಯಾರೂ ಕೇಳಲಿಲ್ಲ. ಹೊಟ್ಟೆಯಲ್ಲಿರುವ ಕೂಸು ಯಾಕೆ ಸಾಯುತ್ತದೆ ಎಂಬುದನ್ನು ಪುಸ್ತಕದಲ್ಲಿ ಬರೆದಿದ್ದಾರೆಂದು ಕೇಳಿದ್ದೆ. ಓದಿದೆ. ರಕ್ತ ಕಡಿಮೆಯಾಗುವುದು, ಬಿ.ಪಿ., ಗರ್ಭಚೀಲದ ಬಾಯಿ ಸಡಿಲವಾಗುವುದು, ಎಲ್ಲ ಇದ್ದವು. ಮೊಳೆ ಇರಲಿಲ್ಲ. ಪರೀಕ್ಷೆಯಲ್ಲಿ ಬರೆದು ಪಾಸೂ ಆದೆ. ಮನಸ್ಸು ಮಾತ್ರ ಪಾಸಾಗಲಿಲ್ಲ.

ಈಗ ಅಪ್ಪ ಇಲ್ಲ. ಅವ್ವ ನನ್ನ ಜೊತೆ ಹಗರಿಬೊಮ್ಮನಹಳ್ಳಿಯಲ್ಲಿದ್ದಾಳೆ, ಬಾಡಿಗೆ ಮನೆ, ಕೆಳಗೆ ಮಾಲೀಕರು. ಕೂಡ್ಲಿಗಿಯ ಮನೆ ಖಾಲಿ ಮಾಡಿದಾಗ ಆ ಹಲಗೆಯನ್ನು ತಂದಿದ್ದೆವು, ಬಹಳ ದಿನ ಮಂಚದ ಕೆಳಗಿತ್ತು. ಮೊನ್ನೆ ಒಂದು ಭಾನುವಾರ ಅದನ್ನು ಹಾಕಿಸೋಣವೆಂದು ಡ್ರಿಲ್ಲಿಂಗ್ ಮಷೀನಿನವನನ್ನು ಕರೆಸಿದೆ. ನಡುವಯಸ್ಸಿನವನು. ಗೋಡೆ ತಟ್ಟಿ ನೋಡಿದ, ಸಿಮೆಂಟಿನ ಗೋಡೆ, ನಾಲ್ಕು ತೂತು ಕೊರೆದು ಪ್ಲಾಸ್ಟಿಕ್ ಗಟ್ಟ ಇಳಿಸಿ ತಿರುಪು ಹಾಕಿದರೆ ಆಯಿತು, ಹತ್ತು ನಿಮಿಷದ ಕೆಲಸ ಎಂದ. ಮಷೀನಿನ ವೈರು ಚುಚ್ಚುವ ಮುಂಚೆ ನನ್ನ ಕಡೆ ತಿರುಗಿದ.

"ಸಿಸ್ಟರ್, ಮನ್ಯಾಗ ಯಾರರ ಬಸುರಿ ಅದಾರೇನ್ರಿ? ಕೇಳ್ಕಂಡು ಹೊಡೀಬೇಕಾಕೈತಿ ನಾವು."

ಕೆಳಗೆ ಮಾಲೀಕರ ಸೊಸೆಗೆ ಐದು ತಿಂಗಳು. ಅವಳ ತಾಯಿ ಕಾರ್ಡು ಬರೆದವಳೇ ನಾನು. ಏನೂ ಆಗುವುದಿಲ್ಲ, ಹೊಡಿ ಎಂದು ಹೇಳಬೇಕಾದ ಬಾಯಿ ನನ್ನದು. "ಇವತ್ತು ಬ್ಯಾಡ್ರಿ, ಇನ್ನೊಮ್ಮೆ ಹೇಳಿ ಕಳಿಸ್ತೀನಿ" ಎಂದು ಅವನನ್ನು ಕಳಿಸಿಬಿಟ್ಟೆ. ಅವ್ವ ಕಿಟಕಿಯ ಹತ್ತಿರ ಕೂತು ಶೇಂಗಾ ಸುಲಿಯುತ್ತಿದ್ದಳು.

"ಊರಿಗೆಲ್ಲಾ ಶಕುನ ಹೇಳೋ ಹಲ್ಲಿ ಬಚ್ಚಲಾಗ ಬಿದ್ದಂಗಾತು. ಯಾಕ ಕಳಿಸಿದಿ ಅವನ್ನ?"

ನಾನು ಅವಳೆದುರು ಕೂತೆ. ಹೇಳಿಬಿಟ್ಟೆ. ಸುತ್ತಿಗೆಗೆ ಬಟ್ಟೆ ಸುತ್ತಿದ್ದು, ಡೊಂಕಾದ ಮೊದಲನೇ ಮೊಳೆ, ಎರಡನೆಯದು, ಎಲ್ಲ. ಹೇಳುವಾಗ ಅಳು ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಬಹಳ ವರ್ಷ ಹೊತ್ತ ಮೂಟೆ ಇಳಿಸುವಾಗ ಅಳುವಷ್ಟೂ ಶಕ್ತಿ ಇರುವುದಿಲ್ಲ. ಅವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ," ಎಂದಳು.

"ಏನು ಗೊತ್ತೈತಿ?"

"ಆಸ್ಪತ್ರಿಯಿಂದ ಬಂದು ಆ ಮೂಲ್ಯಾಗ ಮಕ್ಕಂಡಿದ್ನೆಲ್ಲ. ಕೆಳಗಿಂದ ನೋಡಿದ್ರ ಕಾಣ್ತಿತ್ತು. ಹೊಸ ಮೊಳಿ, ಹೊಳೀತಿತ್ತು. ನಿಮ್ಮಪ್ಪ ಹೊಡೆದಿದ್ರ ಅಷ್ಟು ಸೊಟ್ಟ ಹೊಡೀತಿದ್ದಿಲ್ಲ."

"ಮತ್ತ ಕೊಡ?"

"ಯಾವ ಕೊಡಾನೂ ಎತ್ತಿಲ್ಲ ನಾನು. ನಿಮ್ಮಪ್ಪ ನೀರು ತುಂಬಿಟ್ಟಾ ಹೋಗಿದ್ದ. ನಿಮ್ಮಜ್ಜಿ ಕೇಳಾಕ ಹತ್ತಿದ್ಲು, ಏನರ ಒಂದು ಹೇಳಬೇಕಿತ್ತು. ಹೇಳದಿದ್ರ ಮನಿಯೆಲ್ಲಾ ಹುಡುಕ್ತಿದ್ಲು. ಮೊಳಿ ಸಿಕ್ಕಿದ್ರ ನಿನ್ನ ಜನ್ಮಪೂರ್ತಿ ಬಿಡ್ತಿದ್ದಿಲ್ಲ."

ನನ್ನ ಬಾಯಿಂದ ಬಂದದ್ದು ಹಳ್ಳಿ ಹಳ್ಳಿಯಲ್ಲಿ ಹೇಳುವ ಅದೇ ಮಾತು. ಮೊಳೆಯಿಂದ ಹಾಗೆಲ್ಲ ಆಗುವುದಿಲ್ಲವ್ವ, ನಿನಗೆ ರಕ್ತ ಕಡಿಮೆ ಇತ್ತು, ಮೊದಲೂ ಒಂದು ಹೋಗಿತ್ತು, ಆಗ ಯಾರೂ ಸರಿಯಾಗಿ ನೋಡಲಿಲ್ಲ. ಅವ್ವ ತಲೆಯಾಡಿಸಿದಳು.

"ಹೂಂ. ಈಗ ನೀ ಹೇಳ್ತಿ, ಕೇಳ್ತೀನಿ."

"ಆವಾಗ ಏನು ಅನಕಂಡಿದ್ದಿ?"

"ಆವಾಗ ಮೊಳಿಯಿಂದಾನ ಅನಕಂಡಿದ್ನಿ."

ಇಷ್ಟು ವರ್ಷ ನಾನು ಹೆದರಿದ್ದು ಅವಳಿಗೆ ಗೊತ್ತಾದರೆ ಏನಾದೀತೆಂದು. ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ನನ್ನದೇ ಕೈ ಎಂದು ನಂಬಿಕೊಂಡೇ ಎರಡು ಕೊಡ ನೀರನ್ನು ಸಾಯುವವರೆಗೆ ಹೊರಲು ಒಪ್ಪಿದ್ದಳು. ಕೇಳಬಾರದಿತ್ತು, ಆದರೂ ಕೇಳಿದೆ.

"ನನ್ನ ಮ್ಯಾಲೆ ಸಿಟ್ಟು ಬರಲಿಲ್ಲೇನವ್ವಾ?"

"ಬಂತು. ಬರದಂಗ ಇರ್ತೈತೇನು?" ಅವಳು ಸುಲಿದ ಕಾಳನ್ನು ಮೊರದಲ್ಲಿ ಒಂದು ಬದಿಗೆ ಸರಿಸಿದಳು. "ಎರಡು ದಿನ ನಿನ್ನ ಮಾರಿ ನೋಡ್ಲಿಲ್ಲ. ಮೂರನೇ ದಿನ ಸಾಲಿಗೆ ಹೊಂಟು ನಿಂತಿದ್ದಿ, ತಲಿ ಎಲ್ಲಾ ಸಿಕ್ಕು. ನಿಮ್ಮಜ್ಜಿಗೆ ಜಡಿ ಹಾಕಾಕ ಬರ್ತಿದ್ದಿಲ್ಲ. ನಾನ ಕರದು ಹಾಕಿದ್ನಿ."